ಲಚ್ಚಿಗೆ ಲೈಸೆನ್ಸು

ನಮ್ಮ ಮನೆಯ ಪಡಸಾಲೆಯಲ್ಲಿರುವ ಆರಾಮಕುರ್ಚಿ ನನ್ನದು ಎಂದು ಮನೆಯವರೆಲ್ಲ ಹೇಳುತ್ತಾರೆ. ಬೆಕ್ಕು ಮಾತ್ರ ಹಾಗೆ ತಿಳಿದಿಲ್ಲ. ಮಧ್ಯಾಹ್ನ ನಾನು ಊಟ ಮುಗಿಸಿ ಬರುವ ಹೊತ್ತಿಗೆ ಅದು ಕುರ್ಚಿಯ ನಟ್ಟನಡುವೆ ಸುತ್ತಿಕೊಂಡು ಮಲಗಿರುತ್ತದೆ. ನಾನು ಕೆಮ್ಮುತ್ತೇನೆ. ಅದು ಬಾಲದ ತುದಿಯನ್ನು ಒಮ್ಮೆ ಎತ್ತಿ ಇಳಿಸುತ್ತದೆ. 'ಬಂದಿರಾ, ಸಂತೋಷ, ಆ ಕಡೆ ಚಾಪೆ ಇದೆ' ಎಂದು ಅದರ ಅರ್ಥ. ನಾನು ಹೋಗಿ ಚಾಪೆಯ ಮೇಲೆ ಕೂರುತ್ತೇನೆ.

ಇಷ್ಟು ವರ್ಷ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ ಮೇಷ್ಟ್ರು ಒಂದು ಬೆಕ್ಕನ್ನು ಕುರ್ಚಿಯಿಂದ ಇಳಿಸಲಾರರೇ ಎಂದು ಮೊಮ್ಮಕ್ಕಳು ನಗುತ್ತಾರೆ. ಅದು ಹೆದರಿಕೆಯಲ್ಲ, ಮರ್ಯಾದೆ ಎಂದು ನಾನು ಹೇಳುವುದುಂಟು. ಅವರು ನಂಬುವುದಿಲ್ಲ. ಆದರೆ ನೀವು ನಂಬಬೇಕು. ಯಾಕೆಂದರೆ ಬೆಕ್ಕಿನ ಕುಲಕ್ಕೆ ಮರ್ಯಾದೆ ಕೊಡುವುದನ್ನು ನಾನು ಕಲಿತದ್ದು ಬೆಕ್ಕಿನಿಂದಲ್ಲ, ಚಿರತೆಯಿಂದ. ಒಂದೂವರೆ ಆಳುದ್ದದ ಚಿರತೆಯೊಂದು ಕಾಲು ಚಾಚಿ ಮಲಗಿದ್ದ ಹಜಾರದಲ್ಲಿ ಪಂಚೆ ಎತ್ತಿ ಹಿಡಿದು, ಅದರ ಬಾಲ ದಾಟಿ, ಸದ್ದಿಲ್ಲದೆ ಸ್ಕೂಲಿಗೆ ಹೊರಡುತ್ತಿದ್ದವನು ನಾನು.

ಮೊನ್ನೆ ಪತ್ರಿಕೆಯಲ್ಲಿ ಓದಿದೆ. ಹೊರದೇಶಗಳಲ್ಲಿ ಉಳ್ಳವರು ಸಿಂಹ, ಚಿರತೆಗಳನ್ನು ಮನೆಯಲ್ಲಿ ಸಾಕುತ್ತಾರಂತೆ. ಅದಕ್ಕೆ ಸರ್ಕಾರದ ಅಪ್ಪಣೆ ಬೇಕಂತೆ. ಬೇಲಿ ಇಷ್ಟು ಎತ್ತರ ಇರಬೇಕು, ಬೀಗ ಹೀಗಿರಬೇಕು, ವೈದ್ಯರು ಬಂದು ನೋಡಬೇಕು, ಯಾರಿಗಾದರೂ ಗಾಯವಾದರೆ ಯಾರು ಹೊಣೆ ಎಂಬುದು ಮೊದಲೇ ತೀರ್ಮಾನವಾಗಿರಬೇಕು. ಓದಿ ನನಗೆ ನಮ್ಮ ಮುನಿಶಾಮಪ್ಪ ಮಾವನ ನೆನಪಾಯಿತು. ಅವನ ಕಾಲದಲ್ಲಿ ಇಷ್ಟೆಲ್ಲ ವ್ಯವಸ್ಥೆ ಇರಲಿಲ್ಲ. ಇದ್ದ ವ್ಯವಸ್ಥೆ ಎಂದರೆ ನಾನೊಬ್ಬ.

ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರದ ಕಾಲ. ನನಗೆ ಬಂಗಾರಪೇಟೆಯಲ್ಲಿ ಮೇಷ್ಟ್ರ ಕೆಲಸ ಸಿಕ್ಕಿತ್ತು. ಮುನಿಶಾಮಪ್ಪ ನನ್ನ ತಾಯಿಯ ಅಣ್ಣ. ಊರ ಹೊರಗೆ, ಬೂದಿಕೋಟೆಯ ದಾರಿಯಲ್ಲಿ ಅವನ ಮನೆ, ಹೊಲ, ದೊಡ್ಡ ಕೊಟ್ಟಿಗೆ. 'ರೂಮು ಗೀಮು ಅಂತ ಹುಡುಕಿದರೆ ಕಾಲು ಮುರೀತೀನಿ' ಎಂದು ಪ್ರೀತಿಯಿಂದ ಕರೆದುಕೊಂಡು ಹೋಗಿ ತನ್ನ ಮನೆಯಲ್ಲೇ ಇಟ್ಟುಕೊಂಡ. ಮಾವನದು ಹಾಲಿನ ವ್ಯಾಪಾರ. ಬೆಳಗಿನ ರೈಲಿಗೆ ಕ್ಯಾನುಗಳನ್ನು ಹತ್ತಿಸಿಕೊಂಡು ಕೆ.ಜಿ.ಎಫ್.ಗೆ ಹೋಗಿ, ನಂದಿದುರ್ಗ ಎಂಬ ಚಿನ್ನದ ಗಣಿಯ ಕೂಲಿ ಲೈನುಗಳಲ್ಲಿ ಮನೆಮನೆಗೆ ಹಾಕಿ ಬರುತ್ತಿದ್ದ. ನೋಡಲು ಭಾರಿ ಆಳು. ಮೀಸೆಯಂತೂ ಆಳಿಗಿಂತ ಭಾರಿ. ಕನ್ನಡದಲ್ಲಿ ಬೈಯುತ್ತಿದ್ದ, ತಮಿಳಿನಲ್ಲಿ ವ್ಯಾಪಾರ ಮಾಡುತ್ತಿದ್ದ, ಮುದ್ದು ಮಾಡುವುದಕ್ಕೆ ಮಾತ್ರ ತೆಲುಗನ್ನು ಇಟ್ಟುಕೊಂಡಿದ್ದ. ಹಸುಗಳು ಅವನಿಂದ ತೆಲುಗನ್ನು ಬಿಟ್ಟು ಬೇರೆ ಮಾತು ಕೇಳಿರಲಿಲ್ಲ. ಅತ್ತೆ ವೆಂಕಟಮ್ಮ ತೆಲುಗನ್ನು ಬಿಟ್ಟು ಉಳಿದೆರಡನ್ನೂ ಕೇಳಿದ್ದಳು.

ಒಂದು ಸಂಜೆ ಮಾವ ಕಂಬಳಿಯಲ್ಲಿ ಏನನ್ನೋ ಸುತ್ತಿಕೊಂಡು ಬಂದ. ಬೂದಿಕೋಟೆಯ ಆಚೆ ಬಂಡೆ ಒಡೆಯುವವರು ಸಿಡಿಮದ್ದು ಇಟ್ಟಾಗ ತಾಯಿ ಚಿರತೆ ಓಡಿಹೋಗಿ, ಗುಹೆಯಲ್ಲಿ ಮರಿಯೊಂದು ಉಳಿದಿತ್ತಂತೆ. ಎರಡು ದಿನ ಕಾದರೂ ತಾಯಿ ಬಂದಿರಲಿಲ್ಲ. ಅವರು ಅದನ್ನು ಹೊಡೆದು ಹಾಕುವ ಮಾತಾಡುತ್ತಿದ್ದರು. ಆ ದಾರಿಯಲ್ಲಿ ಬರುತ್ತಿದ್ದ ಮಾವ ಎತ್ತಿಕೊಂಡು ಬಂದಿದ್ದ. ಕಂಬಳಿ ಬಿಚ್ಚಿದಾಗ ಅಂಗೈಗಿಂತ ಸ್ವಲ್ಪ ದೊಡ್ಡದೊಂದು ಚುಕ್ಕೆಚುಕ್ಕೆಯ ಉಂಡೆ ನಮ್ಮೆಲ್ಲರ ಮೇಲೂ 'ಹುಸ್' ಎಂದು ಸಿಟ್ಟು ಮಾಡಿತು.

"ಇದ್ಯಾವ ಕೆಟ್ಟ ಬುದ್ಧಿ ಕಣಯ್ಯ ನಿಂಗೆ?" ಎಂದಳು ಅತ್ತೆ. "ಅಸು ಸಾಕೋ ಮನೆಗೆ ಚಿರತೆ ತರ್ತಾರಾ?"

"ಆಲು ಕುಡಿಯೋ ಕೂಸು ಕಣಮ್ಮಿ. ಆಲು ನಮ್ಮನೇಲಿ ಬೇಕಾದಷ್ಟೈತೆ" ಎಂದ ಮಾವ. ಮಾವನ ತರ್ಕ ಯಾವಾಗಲೂ ಹೀಗೆ. ಅದರೊಳಗೆ ನುಗ್ಗಲು ಬಾಗಿಲಿರುತ್ತಿರಲಿಲ್ಲ.

ಮರಿಗೆ ಲಚ್ಚಿ ಎಂದು ಹೆಸರಾಯಿತು. ಶುಕ್ರವಾರ ಬಂದವಳು, ಲಕ್ಷ್ಮಿ. ಮಾವ ಬತ್ತಿ ಅದ್ದಿ ಅದ್ದಿ ಹಾಲು ಕುಡಿಸಿದ. ಗೌರಿ ಎಂಬ ಮುದಿ ಹಸುವೊಂದಿತ್ತು. ಅದು ಮೂಸಿ ನೋಡಿ, ಒಂದು ಕ್ಷಣ ಯೋಚಿಸಿ, ಕರುವನ್ನು ನೆಕ್ಕಿದಂತೆ ನೆಕ್ಕಿತು. ಲಚ್ಚಿ ಮುಖವೆಲ್ಲ ಒದ್ದೆಯಾಗಿ, ಅವಮಾನದಿಂದ ತಾನೇ ಮತ್ತೆ ನೆಕ್ಕಿಕೊಂಡಳು. ಸಂಸ್ಕೃತದಲ್ಲಿ ಬೆಕ್ಕಿಗೆ 'ಮಾರ್ಜಾರ' ಎನ್ನುತ್ತಾರೆ; ಒರೆಸಿಕೊಳ್ಳುವುದು, ಶುಚಿಮಾಡಿಕೊಳ್ಳುವುದು ಎಂಬ ಧಾತುವಿನಿಂದ ಬಂದ ಮಾತು. ಆ ಹೆಸರಿಟ್ಟ ಪಂಡಿತರು ಬೆಕ್ಕನ್ನು ಸರಿಯಾಗಿ ನೋಡಿದ್ದರು. ಇದನ್ನು ಮಾವನಿಗೆ ವಿವರಿಸಿದೆ. "ಅದ್ಕೇ ಏಳೋದು, ನಿಮ್ಮೆಲ್ಲರಿಗಿಂತ ಚೊಕ್ಕಟ ಅವ್ಳು" ಎಂದುಬಿಟ್ಟ.

ಹಾಲಿನ ಕಾಲ ಬೇಗ ಮುಗಿಯಿತು. ಚಿರತೆ ಸಾಕುವವರಿಗೆ ಬರುವ ನಿಜವಾದ ಪ್ರಶ್ನೆ ಧೈರ್ಯದ್ದಲ್ಲ, ಅಡಿಗೆಯದ್ದು. ನಮ್ಮದು ಮಾಂಸ ತಿನ್ನುವ ಮನೆಯೇ. ಆದರೆ ಸೋಮವಾರ, ಶನಿವಾರ ಒಲೆಯ ಹತ್ತಿರ ತರುವಂತಿಲ್ಲ. ಇದನ್ನು ಲಚ್ಚಿಗೆ ತಿಳಿಸುವುದು ಹೇಗೆ? ಶನಿವಾರ ಅತ್ತೆ ರಾಗಿಮುದ್ದೆಗೆ ತುಪ್ಪ ಸವರಿ ಇಟ್ಟಳು. ಲಚ್ಚಿ ತುಪ್ಪ ನೆಕ್ಕಿ, ಮುದ್ದೆಯನ್ನು ಅಂಗಳದ ತುಂಬ ಉರುಳಿಸಿ ಆಡಿ, ಕೊನೆಗೆ ನನ್ನ ಹಾಸಿಗೆಯೊಳಗೆ ಬಚ್ಚಿಟ್ಟಳು. ಆಮೇಲೆ ಮಾವ ಕೆ.ಜಿ.ಎಫ್.ನಿಂದ ಬರುವಾಗ ಕಸಾಯಿ ಅಂಗಡಿಯ ಮೂಳೆ, ತುಣುಕುಗಳನ್ನು ಖಾಲಿ ಹಾಲಿನ ಕ್ಯಾನಿನಲ್ಲಿ ತುಂಬಿಕೊಂಡು ಬರತೊಡಗಿದ. ಇದು ಅತ್ತೆಗೆ ಗೊತ್ತಾದ ದಿನ ನಡೆದ ಯುದ್ಧದಲ್ಲಿ ಲಚ್ಚಿ ಹೆದರಿ ಕೊಟ್ಟಿಗೆಯ ಅಟ್ಟ ಹತ್ತಿದಳು, ನಾನು ಸ್ಕೂಲಿಗೆ ಹೊರಟುಬಿಟ್ಟೆ. ಅಂದು ಭಾನುವಾರವಾಗಿತ್ತು.

ಅತ್ತೆ ಆ ಮರಿಯನ್ನು ಮುಟ್ಟಿದ್ದನ್ನು ನಾನು ನೋಡಿರಲಿಲ್ಲ. ಮುಟ್ಟುವುದಿರಲಿ, ಒಳ್ಳೆಯ ಮಾತಿನಿಂದ ಕರೆದದ್ದನ್ನೂ ಕೇಳಿರಲಿಲ್ಲ. 'ಮುಂಡೇದು', 'ಪೀಡೆ', 'ನಿಮ್ಮಾವನ ಮಗಳು', ಇಷ್ಟೇ. ಆದರೂ ಲಚ್ಚಿ ಬೆಳಗ್ಗೆ ಎದ್ದು ಮೊದಲು ಹೋಗುತ್ತಿದ್ದುದು ಅತ್ತೆಯ ಹಿಂದೆ. ಅತ್ತೆ ಕಸ ಗುಡಿಸಿದರೆ ಪೊರಕೆಯ ಹಿಂದೆ, ನೀರು ಸೇದಿದರೆ ಹಗ್ಗದ ಹಿಂದೆ. ತನ್ನನ್ನು ಬೇಡ ಎನ್ನುವವರನ್ನೇ ಹುಡುಕಿಕೊಂಡು ಹೋಗಿ ಒರಗುವುದು ಆ ಕುಲದ ಗುಣ.

ಮರಿ ಚಿರತೆಯಾಗುತ್ತಿದ್ದಂತೆ ಊರಿನಲ್ಲಿ ಮಾತು ಶುರುವಾಯಿತು. ಸುತ್ತಲಿನ ಯಾವ ಊರಿನಲ್ಲಿ ಕೋಳಿ ಕಳೆದರೂ ಲಚ್ಚಿಯೇ ಹೊಣೆ. ಆ ಕೋಳಿ ಹೋದ ಹೊತ್ತಿನಲ್ಲಿ ಅವಳು ನಮ್ಮ ಹಜಾರದಲ್ಲಿ ಗೊರಕೆ ಹೊಡೆಯುತ್ತಿದ್ದಳು ಎಂದು ನಾನು ಸಾಕ್ಷಿ ಹೇಳಬೇಕಾಗುತ್ತಿತ್ತು. ಸಂತೆಯಿಂದ ಹೊಸದಾಗಿ ತಂದ ಹಸುಗಳು ಗೌರಿಯಂತಿರಲಿಲ್ಲ. ಕೊಟ್ಟಿಗೆಯ ಬಾಗಿಲಲ್ಲಿ ಮೂಸಿ, ನಾಲ್ಕೂ ಕಾಲು ಊರಿ ನಿಂತುಬಿಡುತ್ತಿದ್ದವು. ಒಳಗೆ ಕಟ್ಟಿದರೂ ಹಾಲು ಇಳಿಸುತ್ತಿರಲಿಲ್ಲ. ಕೊನೆಗೆ ನೆರೆಯ ಹೊಲದ ನಂಜಪ್ಪ, ಕುರಿ ಸಾಕಿದವನು, ಕಟ್ಟೆಯ ಮೇಲೆ ಎಲ್ಲರೆದುರಿಗೆ ಕೇಳಿದ: "ಮುನಿಶಾಮಣ್ಣ, ಬಂದೂಕ ಇಟ್ಕೊಂಡ್ರೆ ಲೈಸೆನ್ಸ್ ಬೇಕು. ಕೆ.ಜಿ.ಎಫ್.ನಾಗೆ ನಾಯಿ ಕೊರಳ್ಗೂ ಬಿಲ್ಲೆ ಕಟ್ತಾರೆ. ನಿಂದಕ್ಕೇನೈತೆ?"

ಮಾವ ಅಂದು ಮಧ್ಯಾಹ್ನ ಊಟ ಸರಿಯಾಗಿ ಮಾಡಲಿಲ್ಲ. "ಅಳಿಯಾ, ನೀನು ಓದಿರೋನು. ಓಗಿ ಕೇಳ್ಕೊಂಡು ಬಾ. ಲಚ್ಚಿಗೆ ಲೈಸೆನ್ಸ್ ಮಾಡ್ಸಾನ" ಎಂದ.

ಹೀಗೆ ನಾನು ಲಚ್ಚಿಯ ವಕೀಲನಾದೆ. ತಾಲ್ಲೂಕು ಕಚೇರಿಯ ಗುಮಾಸ್ತರಿಗೆ ಕೈಮುಗಿದು, ಚಿರತೆಯ ವಿಚಾರ ಎಂದೆ.

"ಎಲ್ಲಿ ಹೊಡೆದಿರಿ?" ಎಂದರು ಅವರು, ತಲೆಯೆತ್ತದೆ.

"ಹೊಡೆದಿಲ್ಲ, ಸ್ವಾಮಿ. ಮನೆಯಲ್ಲಿದೆ."

"ಹಾಗಾದರೆ ಇನಾಮು ಬರೋದಿಲ್ಲ. ಹೊಡೆದು, ಚರ್ಮ ತಂದು ತೋರಿಸಬೇಕು."

"ಇನಾಮು ಬೇಡ. ಸಾಕುವುದಕ್ಕೆ ಅಪ್ಪಣೆ ಬೇಕಿತ್ತು."

ಅವರು ಆಗ ತಲೆಯೆತ್ತಿದರು. ಪಾಪ, ಒಳ್ಳೆಯವರು. ಬೀರು ತೆಗೆದು ಹುಡುಕಿದರು. ಬಂದೂಕಿಗೆ ನಿಯಮವಿತ್ತು, ಹೆಂಡಕ್ಕಿತ್ತು, ಸಂತೆಗೆ ತರುವ ದನಕ್ಕಿತ್ತು. ಕೊಂದ ಚಿರತೆಗೂ ಇತ್ತು. ಹಜಾರದಲ್ಲಿ ಮಲಗಿರುವ ಚಿರತೆಗೆ ಇರಲಿಲ್ಲ. ಕಾಡಿನ ಇಲಾಖೆಯವರನ್ನು ಕೇಳಿ ಎಂದರು. ಕಾಡಿನವರು, ಕಾಡಿನಲ್ಲಿದ್ದರೆ ನಮ್ಮದು, ಮನೆಯಲ್ಲಿದ್ದರೆ ನಮಗೇನು ಸಂಬಂಧ ಎಂದರು. ಪೊಲೀಸ್ ಠಾಣೆಯಲ್ಲಿ, ಕಚ್ಚಿದ ಮೇಲೆ ಬನ್ನಿ ಎಂದರು. ಅದು ತಮಾಷೆಯಲ್ಲವೆಂದು ನನಗೆ ತಿಳಿದದ್ದು ಪರಿಚಯದ ವಕೀಲರೊಬ್ಬರು ಪುಸ್ತಕ ತೆಗೆದು ಓದಿದಾಗ. ಸಾಕಿದ ಪ್ರಾಣಿಯಿಂದ ಜನಕ್ಕೆ ಅಪಾಯವಾಗದಂತೆ ಜಾಗ್ರತೆ ವಹಿಸದವನಿಗೆ ಜುಲ್ಮಾನೆ, ಜೈಲು ಎರಡೂ ಉಂಟು. "ಸಾಕಬೇಡಿ ಅಂತ ಕಾನೂನು ಹೇಳೋದಿಲ್ಲ ಮೇಷ್ಟ್ರೇ" ಎಂದರು ಅವರು. "ಸಾಕಿ ನೋಡಿ ಅನ್ನುತ್ತೆ, ಅಷ್ಟೆ."

ಮಾವನಿಗೆ ಎಲ್ಲವನ್ನೂ ವರದಿ ಮಾಡಿದೆ. ಅವನು ಲಚ್ಚಿಯ ಗಂಟಲು ಕೆರೆಯುತ್ತಾ ಕೇಳಿಸಿಕೊಂಡ. "ಸತ್ರೆ ಇನಾಮು, ಬದುಕಿದ್ರೆ ಜೈಲು. ಇದ್ಯಾವ ನ್ಯಾಯ ಕಣ್ಲಾ?" ಎಂದ. ನಾನು ರಾಜಮಹಾರಾಜರು ಚೀತಾಗಳನ್ನು ಬೇಟೆಗೆ ಸಾಕುತ್ತಿದ್ದುದನ್ನು, ದೇವಿಗೆ ಹುಲಿಯೇ ವಾಹನವಾದುದನ್ನು ಹೇಳಿ ಸಮಾಧಾನ ಮಾಡಲು ನೋಡಿದೆ. "ದೇವಿ ಆಲು ಮಾರ್ತಿರಲಿಲ್ಲ" ಎಂದಳು ಅತ್ತೆ ಒಳಗಿನಿಂದ.

ಅಂದಿನಿಂದ ಲಚ್ಚಿಯನ್ನು ಮಾವ ಮನೆಯಲ್ಲಿಲ್ಲದಾಗ ಕೊಟ್ಟಿಗೆಯ ಪಕ್ಕದ ಹುಣಸೆಮರಕ್ಕೆ ಎತ್ತಿನ ಹಗ್ಗದಲ್ಲಿ ಕಟ್ಟಿಹಾಕುವುದೆಂದಾಯಿತು. ಕಾನೂನು ಕೇಳಿದ ಜಾಗ್ರತೆಗೆ ನಮ್ಮ ಉತ್ತರ ಆ ಹಗ್ಗ.

ಬೇಸಗೆಯಲ್ಲಿ ಮಾವನ ಮಗಳು ಗಂಡನ ಮನೆಯಾದ ಬೇತಮಂಗಲದಿಂದ ಮಗುವನ್ನು ಕರೆದುಕೊಂಡು ಬಂದಳು. ಆಗಷ್ಟೇ ಓಡಲು ಕಲಿತ ಹೆಣ್ಣುಮಗು. ನಡೆಯುವುದು ಆ ಮಗುವಿಗೆ ಗೊತ್ತೇ ಇರಲಿಲ್ಲ. ಒಂದು ಬೆಳಗ್ಗೆ ಮಾವ ಹಾಲಿನೊಂದಿಗೆ ಹೋಗಿದ್ದ. ಮಗಳು ಬಾವಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದಳು. ಅತ್ತೆ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ನಾನು ಜಗಲಿಯ ಮೇಲೆ ಮಕ್ಕಳ ಪರೀಕ್ಷೆಯ ಉತ್ತರ ತಿದ್ದುತ್ತಿದ್ದೆ. ಮಗು ಕೋಳಿಯೊಂದರ ಹಿಂದೆ ಕಿಲಕಿಲ ನಗುತ್ತಾ ಅಂಗಳದಲ್ಲಿ ಓಡಿತು.

ಹುಣಸೆಮರದ ಕೆಳಗೆ ಲಚ್ಚಿ ಎದ್ದು ಕೂತಳು. ಆಮೇಲೆ ಕೂತವಳು ನೆಲಕ್ಕೆ ಅಂಟಿದಳು. ನಾನು ಅವಳನ್ನು ಅಷ್ಟು ದಿನ ನೋಡಿದ್ದರೂ ಆ ಭಂಗಿಯಲ್ಲಿ ನೋಡಿರಲಿಲ್ಲ. ಹೆಗಲೆರಡೂ ಮೇಲೆದ್ದು, ತಲೆ ತಗ್ಗಿ, ಇಡೀ ಮೈ ನಿಶ್ಶಬ್ದವಾಯಿತು. ಹಗ್ಗ ಮರದ ಕಡೆಯಿಂದ ಸಡಿಲವಾಗಿ ಬಿದ್ದಿತ್ತು, ಯಾವಾಗಲೋ ಕಡಿದುಕೊಂಡಿದ್ದಳು. ಕೂಗಬೇಕೆಂದುಕೊಂಡೆ. ನನ್ನ ಗಂಟಲೂ ಕಾಲೂ ಮೇಲಿನವರ ಅಪ್ಪಣೆಗೆ ಕಾಯುವ ಗುಮಾಸ್ತರಂತೆ ಸುಮ್ಮನಿದ್ದುಬಿಟ್ಟವು.

ಅತ್ತೆ ಅಪ್ಪಣೆಗೆ ಕಾಯಲಿಲ್ಲ. ಮೊರವನ್ನು ಬಿಸಾಡಿ, ನಡುವೆ ಬಂದು, ಮಗುವನ್ನು ತಬ್ಬಿ ಬೆನ್ನು ಕೊಟ್ಟು ಕೂತಳು. ಅಷ್ಟರಲ್ಲಿ ಲಚ್ಚಿ ಹಾರಿಯಾಗಿತ್ತು. ಚಿರತೆ, ಅತ್ತೆ, ಮಗು ಮೂರೂ ರಾಗಿಯ ಮೇಲೆ ಉರುಳಿದವು.

ನಾನು ಓಡಿ ಹತ್ತಿರ ಹೋಗುವ ಹೊತ್ತಿಗೆ ಅತ್ತೆ ಎದ್ದು ಕೂತು, ಒಂದು ಕೈಯಲ್ಲಿ ಮಗುವನ್ನೂ ಇನ್ನೊಂದು ಕೈಯಲ್ಲಿ ಲಚ್ಚಿಯ ಕುತ್ತಿಗೆಯ ಚರ್ಮವನ್ನೂ ಹಿಡಿದಿದ್ದಳು. "ನನ್ ಸೀರೆ ಅರಿದಾಕ್ದಲ್ಲೇ ಮುಂಡೇದೇ! ರಾಗಿಯೆಲ್ಲಾ ಮಣ್ಣುಪಾಲು ಮಾಡ್ದಲ್ಲೇ!" ಎಂದು ಬೈಯುತ್ತಿದ್ದಳು. ಲಚ್ಚಿ ನೆಲಕ್ಕೆ ಗದ್ದ ಊರಿ, ಬೈಸಿಕೊಳ್ಳುತ್ತಿದ್ದಳು. ಮಗು, ಇನ್ನೊಮ್ಮೆ ಉರುಳೋಣ ಎನ್ನುವಂತೆ ನಗುತ್ತಿತ್ತು. ಅತ್ತೆಯ ರವಿಕೆಯ ಹಿಂಭಾಗ ನಿಧಾನವಾಗಿ ಕೆಂಪಾಗುವುದು ಮೊದಲು ಕಂಡದ್ದು ನನಗೆ. ಹೆಗಲಿನಿಂದ ಬೆನ್ನಿಗೆ ನಾಲ್ಕು ಗೆರೆ, ನೇಗಿಲಿನ ಸಾಲಿನಂತೆ.

ಮಾವ ಬಂದು ನೋಡಿ, ಲಚ್ಚಿಯನ್ನು ಕೊಟ್ಟಿಗೆಯ ಕೋಣೆಯೊಳಗೆ ಹಾಕಿ ಅಗಳಿ ಹಾಕಿದ. ಅರಿಶಿನ ಮೆತ್ತಿದ್ದರೂ ಮರುದಿನಕ್ಕೆ ಗಾಯ ಬಾತು, ಅತ್ತೆಗೆ ಜ್ವರ ಬಂತು. ಮೂವರೂ ರೈಲಿನಲ್ಲಿ ಕೆ.ಜಿ.ಎಫ್.ನ ಆಸ್ಪತ್ರೆಯೊಂದಕ್ಕೆ ಹೋದೆವು. ದಾರಿಯಲ್ಲಿ ವಕೀಲರು ಓದಿದ್ದೆಲ್ಲ ನನ್ನ ತಲೆಯಲ್ಲಿ ತಿರುಗುತ್ತಿತ್ತು. ಚಿರತೆ ಎಂದರೆ ಡಾಕ್ಟರು ಬರೆಯುತ್ತಾರೆ. ಬರೆದರೆ ಠಾಣೆಗೆ ಹೋಗುತ್ತದೆ. ಹೋದರೆ ಮಾವನಿಗೆ ಜೈಲು, ಲಚ್ಚಿಗೆ ಗುಂಡು. ಬಾಯಿಬಿಟ್ಟು ಹೇಳಲು ಧೈರ್ಯವಾಗಲಿಲ್ಲ.

ಡಾಕ್ಟರು ತಮಿಳರು, ವಯಸ್ಸಾದವರು. ಗಾಯಕ್ಕೆ ಕಟ್ಟಿದ್ದ ಬಟ್ಟೆ ಬಿಚ್ಚಿ ನೋಡಿದರು. ನನ್ನನ್ನು ನೋಡಿದರು, ಬಾಗಿಲಲ್ಲಿ ರುಮಾಲು ಹಿಂಡುತ್ತ ನಿಂತಿದ್ದ ಮಾವನನ್ನು ನೋಡಿದರು. "ಏನಮ್ಮಾ ಇದು?"

"ಅಸು ಗುದ್ದಿತು, ಸಾರ್" ಎಂದಳು ಅತ್ತೆ.

"ಹಸುವಾ? ನಾಲ್ಕು ಗಾಯ ಇದೆ. ನಿಮ್ಮ ಹಸುಗೆ ನಾಲ್ಕು ಕೊಂಬಾ?"

"ಒಂದೇ ಕೊಂಬಲ್ಲಿ ನಾಕು ಸಲ ಗುದ್ದಿತು."

"ಎಲ್ಲಾ ಒಂದೇ ಅಳತೆ, ಒಂದೇ ಸಾಲು!"

"ಸುಮಾರಾದ ಅಸು ಅಲ್ಲ ಸಾರ್, ಬುದ್ಧಿವಂತ ಅಸು" ಎಂದಳು ಅತ್ತೆ, ಜ್ವರದಲ್ಲಿ ಹಲ್ಲು ಕಟಕಟಿಸುತ್ತ. ಸುಳ್ಳಿಗೆ ಹೆದರಿ ದೇವರ ಮೇಲೆ ಆಣೆ ಕೂಡ ಮಾಡದ ಹೆಂಗಸು. ಡಾಕ್ಟರು ಬಹಳ ಹೊತ್ತು ಗಾಯ ತೊಳೆದರು. ಕಟ್ಟು ಕಟ್ಟಿ ಮುಗಿಸಿದ ಮೇಲೆ ಮಾವನ ಹತ್ತಿರ ಹೋಗಿ, ಮೆಲ್ಲಗೆ ತಮಿಳಿನಲ್ಲಿ, "ಅಂದ ಮಾಡು ವೀಟ್ಲ ವೇಂಡಾಮಯ್ಯಾ" ಎಂದರು. ಆ ಹಸು ಮನೆಯಲ್ಲಿ ಬೇಡಪ್ಪಾ ಎಂದು. ಮಾವ ತಲೆಯಾಡಿಸಿದ. ಅವನು ಅಳುತ್ತಿದ್ದನೆಂದು ಹೇಳಲಾರೆ. ಮೀಸೆ ಮಾತ್ರ ಒದ್ದೆಯಾಗಿತ್ತು.

ಗಾಯ ಮಾಗಿತು. ಅತ್ತೆ ಎದ್ದು ಓಡಾಡುವಂತಾದ ದಿನ ಮಾವ ನನ್ನನ್ನು ಕರೆದ. "ಅಳಿಯಾ, ಮೈಸೂರಲ್ಲಿ ದೊರೆಗಳ ಪ್ರಾಣಿ ತೋಟ ಐತಲ್ಲ, ಅಲ್ಲಿಗೊಂದು ಅರ್ಜಿ ಬರಿ."

ಅತ್ತೆ ಅಡಿಗೆಮನೆಯಿಂದ ಸೌಟು ಹಿಡಿದೇ ಬಂದಳು. "ಏನಂದೆ? ಅಷ್ಟು ದೊಡ್ಡ ಆಸ್ಪತ್ರೇಲಿ ಅಷ್ಟು ದೊಡ್ಡ ಸುಳ್ಳು ಏಳಿದ್ದು ಅವ್ಳನ್ನ ಊರು ಬಿಡ್ಸಾಕಾ?"

"ಕೂಸಿಗೆ ಏನಾದ್ರೂ ಆಗಿದ್ರೆ?"

"ಆಗ್ಲಿಲ್ವಲ್ಲ. ಆಟಕ್ಕೆ ಆರಿದ್ಲು ಅವ್ಳು. ಕೆಟ್ಟ ಬುದ್ಧಿ ಇಲ್ಲ ಅವ್ಳಿಗೆ."

"ನಂಗೊತ್ತಿಲ್ವಾ? ತಪ್ಪು ಲಚ್ಚೀದಲ್ಲ ಕಣಮ್ಮಿ" ಎಂದ ಮಾವ. "ಅವ್ಳು ಚಿರತೆ ಆಗವ್ಳೆ, ಅಷ್ಟೇ. ನಾನೇ ಅವ್ಳನ್ನ ಅಸು ಅಂದ್ಕೊಂಡಿದ್ದೆ."

ಅತ್ತೆ ಸೌಟು ಹಿಡಿದುಕೊಂಡೇ ಒಳಗೆ ಹೋದಳು. ಕಾಡಿಗೆ ಬಿಡುವ ಯೋಚನೆಯನ್ನೂ ಮಾಡಿದೆವು. ಆದರೆ ಬೇಟೆ ಕಲಿಸುವ ತಾಯಿ ಅವಳಿಗಿರಲಿಲ್ಲ. ಹಸಿವಾದರೆ ಅವಳು ಹುಡುಕಿಕೊಂಡು ಹೋಗುವುದು ಮನುಷ್ಯರ ಮನೆಯನ್ನೇ, ಅಲ್ಲಿ ಅವಳಿಗೆ ಬಡಿಸುವುದು ಬಂದೂಕನ್ನು. ಸರ್ಕಸ್ಸಿನವನೊಬ್ಬ ಕೇಳಿಕೊಂಡು ಬಂದಿದ್ದ. ಅವನ ಕೈಯಲ್ಲಿದ್ದ ಚಾಟಿ ನೋಡಿ ಮಾವ ಬಾಗಿಲು ಹಾಕಿಕೊಂಡ.

ಮೈಸೂರಿನಿಂದ ಒಪ್ಪಿಗೆ ಬಂತು. ಮರದ ಬೋನು ಮಾಡಿಸಿದೆವು. ಅದರೊಳಗೆ ಹೋಗಲು ಲಚ್ಚಿ ಒಪ್ಪಲಿಲ್ಲ. ಮಾವ ತೆಲುಗಿನಲ್ಲಿ ಎಷ್ಟು ಬೇಡಿಕೊಂಡರೂ ಬಾಗಿಲಲ್ಲಿ ಕೂತು ಮೈ ನೆಕ್ಕಿಕೊಂಡಳು. ಹೊರಗೆ ಬರುವುದಿಲ್ಲವೆಂದು ಒಳಗೆ ಕೂತಿದ್ದ ಅತ್ತೆ ಕೊನೆಗೆ ಸಿಟ್ಟಿನಿಂದ ಎದ್ದು ಬಂದಳು. ಅಂದು ಹರಿದಿದ್ದ ಸೀರೆಯನ್ನು ತಂದು ಬೋನಿನೊಳಗೆ ಹಾಸಿದಳು. ಲಚ್ಚಿ ಮೂಸಿ, ಒಳಗೆ ಹೋಗಿ, ಸೀರೆಯ ಮೇಲೆ ಸುತ್ತಿಕೊಂಡು ಮಲಗಿದಳು. ಅತ್ತೆ ತಾನೇ ಬಾಗಿಲು ಹಾಕಿ, ಯಾರ ಮುಖವನ್ನೂ ನೋಡದೆ ಒಳಗೆ ಹೋದಳು.

ಬೆಂಗಳೂರಿನಲ್ಲಿ ಗಾಡಿ ಬದಲಿಸುವಾಗ ಬೋನಿನ ಸುತ್ತ ಜಾತ್ರೆಯೇ ಸೇರಿತು. ಮಾವ ತನ್ನ ಕಂಬಳಿಯನ್ನು ಬೋನಿಗೆ ಹೊದಿಸಿ, ಮೈಸೂರು ತಲುಪುವವರೆಗೂ ಅದರ ಪಕ್ಕ ಕೂತಿದ್ದ. ತೆಲುಗಿನಲ್ಲಿ ಏನೇನು ಹೇಳಿದನೋ, ಅದು ಅವರಿಬ್ಬರದು.

ಮುಂದಿನ ದಸರೆಗೆ ನಾವು ಮೂವರೂ ಮೈಸೂರಿಗೆ ಹೋದೆವು. ಅಂಬಾರಿ ನೋಡುವುದು ನೆಪ. ಲಚ್ಚಿ ಈಗ ನಿಜವಾಗಿಯೂ ದೊಡ್ಡವಳು, ಮೈಯೆಲ್ಲ ಎಣ್ಣೆ ಹಚ್ಚಿದಂತೆ ಮಿನುಗು. ಮಾವ ಕಂಬಿಯ ಮುಂದೆ ನಿಂತು, "ಲಚ್ಚೀ, ರಾವೇ ಅಮ್ಮಾ" ಎಂದು ತೆಲುಗಿನಲ್ಲಿ ಹತ್ತಿರಕ್ಕೆ ಕರೆದ. ಅವಳು ಎದ್ದು ಬಂದಳು. ಸರಳುಗಳ ಉದ್ದಕ್ಕೂ ಒಮ್ಮೆ ಮೈ ಉಜ್ಜಿಕೊಂಡು ನಡೆದಳು, ನಮ್ಮನ್ನು ಮೂಸಿದಳು, ಮತ್ತೆ ಹೋಗಿ ನೆರಳಿನಲ್ಲಿ ಮಲಗಿದಳು. ಗುರುತು ಸಿಕ್ಕಿತೇ, ಇಲ್ಲವೇ, ನನಗಿನ್ನೂ ಗೊತ್ತಿಲ್ಲ. ಮಾವ ಕಂಬಿ ದಾಟಿ ಕೈ ಚಾಚಲು ಹೋದ. ಕಾವಲಿನವನು, "ಹತ್ತಿರ ಹೋಗಬೇಡಿ ಯಜಮಾನರೇ, ಅದು ಕಾಡುಪ್ರಾಣಿ" ಎಂದ. ನನ್ನ ಮಾವನಿಗೆ! ಅವನು ತಿರುಗಿ ಏನೋ ಹೇಳುವುದರೊಳಗೆ ಅತ್ತೆ ಅವನ ಶಲ್ಯ ಹಿಡಿದು ಹಿಂದಕ್ಕೆಳೆದಳು.

"ಅವ್ರು ಸರಿಯಾಗೇ ಏಳ್ತಾವ್ರೆ. ಬಾ" ಎಂದಳು. ಆಮೇಲೆ ಇನ್ನೊಮ್ಮೆ ತಿರುಗಿ ನೋಡಿ, "ಮೈ ತುಂಬ್ಕೊಂಡವ್ಳೆ" ಎಂದಳು. ಅವಳ ಬಾಯಲ್ಲಿ ಲಚ್ಚಿಯ ಬಗ್ಗೆ ಮೆಚ್ಚುಗೆಯ ಮಾತು ಎಲ್ಲರೆದುರಿಗೆ ಬಂದದ್ದು ಅದೇ ಮೊದಲು.

ಊರಿಗೆ ಹಿಂತಿರುಗುವ ರೈಲಿನಲ್ಲಿ ಮಾವ ಕಿಟಕಿಯ ಹತ್ತಿರ ಕೂತು ಹೊರಗೆ ನೋಡುತ್ತಿದ್ದ. ಪ್ರೀತಿಯಿದ್ದರೆ ಸಾಲದು, ದೂರವನ್ನೂ ಕಲಿಯಬೇಕು ಎಂದೆಲ್ಲ ಒಂದು ಒಳ್ಳೆಯ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ, ಮೇಷ್ಟ್ರ ಚಟ. ಅತ್ತೆ ಎದುರು ಸೀಟಿನಲ್ಲಿ ಸೆರಗು ಹೊದ್ದು ನಿದ್ದೆ ಮಾಡುತ್ತಿದ್ದಳು. ಬೆಂಗಳೂರು ದಾಟಿ ನಮ್ಮ ಕಡೆಯ ಬಂಡೆಗಳು ಕಾಣತೊಡಗಿದವು. ಮಾವ ನನ್ನ ಕಡೆ ಬಾಗಿ, ಪಿಸುಮಾತಿನಲ್ಲಿ ಕೇಳಿದ:

"ಅಳಿಯಾ, ಕರಡಿ ವಿಚಾರದಾಗೆ ಕಾನೂನು ಏನೇಳ್ತದೆ?"

"ಯಾಕೆ ಮಾವ?"

"ಏನಿಲ್ಲ. ಬೇತಮಂಗಲದ ಕಡೆ ಯಾರ್ಗೋ ಒಂದು ಮರಿ ಸಿಕ್ಕೈತಂತೆ. ತಾಯಿ ಇಲ್ವಂತೆ."

"ಕಾನೂನು ಏನಾರ ಏಳ್ಲಿ, ನಮ್ಮನೇಗೆ ಬೇಡ" ಎಂದಳು ಅತ್ತೆ, ಸೆರಗಿನೊಳಗಿನಿಂದ. ಮಾವ ಬೆಚ್ಚಿ ನೆಟ್ಟಗೆ ಕೂತ. ನಾನೂ ಕೂತೆ. ರೈಲು ಒಂದೆರಡು ಊರು ದಾಟಿತು.

ಆಮೇಲೆ ಸೆರಗು ಸರಿಸದೆಯೇ ಕೇಳಿದಳು:

"ಕಣ್ಣು ಬಿಟ್ಟೈತಾ?"